ಹುಕ್ಕೇರಿಯ ಮೂರನೇ ಕಂಪ್ಯೂಟರ್

ದೆವ್ವ, ಭೂತ, ಗಾಳಿ ಸೋಂಕು ಎಂಬ ಮಾತು ಬಂದರೆ ನಾನು ಎದ್ದು ಹೋಗುವವಳು. ನಂಬುವುದಿಲ್ಲ ಎಂದಷ್ಟೇ ಅಲ್ಲ, ನಂಬುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಗೋಕಾಕದಲ್ಲಿ ಇಪ್ಪತ್ತು ವರ್ಷಗಳಿಂದ ಕಚೇರಿಗಳ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಎಷ್ಟೋ ಕಡೆ ನಾನು ಹೋಗುವ ಮೊದಲೇ ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿಯಾಗಿರುತ್ತದೆ. ‘ದೃಷ್ಟಿ ಆಗೇತ್ರಿ ಅಕ್ಕಾರ’ ಎನ್ನುತ್ತಾರೆ. ನಿಂಬೆಹಣ್ಣು ಕಿತ್ತು ಅವರ ಕೈಗೇ ಕೊಟ್ಟು, ಹಿಂದೆ ಸಡಿಲವಾಗಿದ್ದ ಪ್ಲಗ್ಗು ಒತ್ತಿ, ‘ಶರಬತ್ ಮಾಡ್ಕೊಂಡು ಕುಡೀರಿ’ ಎಂದು ಬರುತ್ತಿದ್ದೆ. ದೋಷ ಎಂದ ಮೇಲೆ ಕಾರಣ ಇರಲೇಬೇಕು, ಸಿಗಲಿಲ್ಲ ಎಂದರೆ ಹುಡುಕಿದವರು ಸೋಮಾರಿಗಳು ಎಂದೇ ನನ್ನ ತೀರ್ಮಾನವಾಗಿತ್ತು.

ಹೀಗಿದ್ದವಳು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನನ್ನ ಜಾಗದಲ್ಲಿ ನೀವಿದ್ದು ನನಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಕಂಡದ್ದನ್ನು ಕಂಡಂತೆ ಹೇಳುತ್ತೇನೆ, ಒಂದು ಎಳೆಯನ್ನೂ ಸೇರಿಸುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ರೈತರ ಹೊಲದ ಮಣ್ಣು ಪರೀಕ್ಷೆ ಮಾಡಿ, ಯಾವ ಗೊಬ್ಬರ ಎಷ್ಟು ಹಾಕಬೇಕು ಎಂದು ವರದಿ ಕೊಡುವ ಖಾಸಗಿ ಸಂಸ್ಥೆಯೊಂದಿತ್ತು. ಹೆಸರು ಬೇಡ. ಪ್ರಯೋಗಾಲಯವೂ ಸರ್ವರೂ ಗೋಕಾಕದಲ್ಲಿ. ಮಣ್ಣಿನ ಚೀಲಗಳನ್ನು ತೆಗೆದುಕೊಳ್ಳುವ ಸಣ್ಣ ಕಚೇರಿಗಳು ಮೂಡಲಗಿಯಲ್ಲಿ ಒಂದು, ಹುಕ್ಕೇರಿಯಲ್ಲಿ ಒಂದು. ಚೀಲ ಬಂದ ಕೂಡಲೇ ಅಲ್ಲಿಯ ಗುಮಾಸ್ತರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ರೈತನ ಹೆಸರು, ಊರು, ಸರ್ವೆ ನಂಬರು, ಬೆಳೆ ಇವಿಷ್ಟನ್ನು ಸರ್ವರಿಗೆ ಸೇರಿಸಬೇಕು. ಒಂದು ಹೆಸರಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಒಳಗಿರಬಹುದು. ಇನ್ನೊಂದು ಕಡೆಯಿಂದ ಅದೇ ಹೆಸರು ಹಾಕಿದರೆ, ‘ಈ ಹೆಸರಿನವರು ಆಗಲೇ ಒಳಗಿದ್ದಾರೆ’ ಎಂದು ಬಾಗಿಲು ಮುಚ್ಚುತ್ತದೆ. ಹಾಗೆ ಕಟ್ಟುನಿಟ್ಟು ಮಾಡಿಕೊಟ್ಟವಳು ನಾನೇ.

ಮೂರು ಕಂಪ್ಯೂಟರಿದ್ದ ಹುಕ್ಕೇರಿ ಕಚೇರಿಯ ಗುಮಾಸ್ತೆ ಸುರೇಖಾಳಿಗೆ ಈ ಬಾಗಿಲು ಆಗಾಗ ಮುಚ್ಚತೊಡಗಿತು. ದಿನಾ ಅಲ್ಲ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಊಟ ಮುಗಿಸಿ ಬಂದು ಕುಳಿತಾಗ, ನಡುವೆ ನಾಲ್ಕು ದಿನ ಏನೂ ಇಲ್ಲ. ಇಂಥ ಬಂದು ಹೋಗುವ ದೋಷದಷ್ಟು ಪಿತ್ತ ನೆತ್ತಿಗೇರಿಸುವುದು ನನ್ನ ಕಸುಬಿನಲ್ಲಿ ಬೇರೊಂದಿಲ್ಲ. ನಾವು ಹೋಗಿ ನೋಡಿದಾಗ ಎಲ್ಲ ಸರಿ ಇರುತ್ತದೆ, ಬಸ್ಸು ಹತ್ತಿದ ಮೇಲೆ ಮತ್ತೆ ಫೋನು ಬರುತ್ತದೆ.

ಒಂದು ಮಂಗಳವಾರ ಸಂಸ್ಥೆಯ ಮ್ಯಾನೇಜರ್ ಶಿವನಗೌಡರು ನನ್ನನ್ನು ಕರೆಸಿದರು. ಅವರು ಆಗಲೇ ತೀರ್ಮಾನಕ್ಕೆ ಬಂದಾಗಿತ್ತು. ಯಾವ ಹೊಲಕ್ಕೆ ಯಾವ ಗೊಬ್ಬರ ಬೇಕು ಎಂಬ ಪಟ್ಟಿ ಗೊಬ್ಬರದ ಅಂಗಡಿಯವರಿಗೆ ಬಂಗಾರವಿದ್ದಂತೆ. ಸುರೇಖಾ ತನ್ನ ಪಾಸ್‌ವರ್ಡನ್ನು ಯಾರಿಗೋ ಕೊಟ್ಟಿದ್ದಾಳೆ, ಅವರು ಒಳಗೆ ಬಂದು ಪಟ್ಟಿ ನೋಡುತ್ತಿದ್ದಾರೆ ಎಂಬುದು ಅವರ ಲೆಕ್ಕಾಚಾರ. ‘ನೋಡ್ರಿ, ಶನಿವಾರದ ಮಟಾ ಟೈಮ್ ಕೊಡ್ತೇನಿ. ಬ್ಯಾರೆ ಕಾರಣ ಇದ್ರ ತಂದು ತೋರಸ್ರಿ. ಇಲ್ಲಂದ್ರ ಆಕೀನ್ನ ತಗೀತೇನಿ’ ಎಂದರು.

ಸುರೇಖಾ ಕಣಗಲಾದವಳು. ಸಂಕೇಶ್ವರದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಬರುತ್ತಿದ್ದಳು. ಅವಳ ತಾಯಿ ಇಂದಿಗೂ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಾರೆ. ಮನೆಯ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋಗಳ ನಡುವೆ ಮಗಳ ಪದವಿಯ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಕೆಲಸ ಕಾಯಂ ಆಗಲು ಅವಳಿಗೆ ಎರಡು ತಿಂಗಳು ಉಳಿದಿತ್ತು. ಆ ಸಂಜೆ ಫೋನು ಮಾಡಿದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ‘ಕೆಲಸ ಹೋದ್ರ ಇನ್ನೊಂದು ಹುಡಕ್ಕೊಂತೇನ್ರಿ ಅಕ್ಕಾರ. ಆದ್ರ ಪಾಸ್‌ವರ್ಡ್ ಮಾರ್ಕೊಂಡಾಕಿ ಅನ್ನೋ ಹೆಸರು ಹೊತ್ಕೊಂಡು ನಮ್ಮವ್ವನ ಮುಂದ ಹೆಂಗ ನಿಂದರಲಿ?’ ಎಂದಳು. ಅವಳ ದನಿ ಕೇಳಿದ ಮೇಲೆ ನನಗೆ ಹಟ ಹುಟ್ಟಿತು. ಶನಿವಾರದೊಳಗೆ ಕಾರಣ ಹುಡುಕದಿದ್ದರೆ ಈ ಕಸುಬೇ ಬೇಡ ಎಂದುಕೊಂಡೆ.

ಬುಧವಾರ ಬೆಳಿಗ್ಗೆ ಗೋಕಾಕದ ಸರ್ವರಿನಲ್ಲಿ ಹಿಂದಿನ ಒಂದೂವರೆ ತಿಂಗಳ ದಾಖಲೆ ತೆಗೆದೆ. ಯಾರು, ಯಾವ ಕಂಪ್ಯೂಟರಿನಿಂದ, ಎಷ್ಟು ಹೊತ್ತಿಗೆ ಒಳಗೆ ಬಂದರು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ರಯೋಗಾಲಯದ ಇರ್ಫಾನ್ ಪಕ್ಕದಲ್ಲಿ ಕುಳಿತು ಸಾಲು ಸಾಲು ಓದಿ ಹೇಳಿದ. ಅವನು ಅಲ್ಲಿ ಎಂಟು ವರ್ಷದಿಂದ ಇರುವ ನಂಬಿಗಸ್ತ ಮನುಷ್ಯ. ಮೊದಲು ನನಗೆ ಅನಿಸಿದ್ದು ಕರೆಂಟಿನ ಕತೆ. ಕರೆಂಟು ಹೋದಾಗ ಕಂಪ್ಯೂಟರ್ ಆರಿದರೂ ಸರ್ವರಿಗೆ ಅದು ತಿಳಿಯದೆ, ಅವರು ಇನ್ನೂ ಒಳಗಿದ್ದಾರೆ ಎಂದೇ ತಿಳಿದುಕೊಂಡಿರುತ್ತದೆ. ಐದು ನಿಮಿಷ ಕೈ ಆಡದಿದ್ದರೆ ತಾನೇ ಹೊರಗೆ ಹಾಕುವಂತೆ ಮಾಡಿದೆ. ಆದರೆ ದಾಖಲೆ ನೋಡಿದರೆ ಕರೆಂಟು ಹೋಗದ ದಿನಗಳಲ್ಲೂ ತೊಂದರೆ ಇತ್ತು. ಅಲ್ಲಿಗೆ ಆ ಕಾರಣ ಮುಗಿಯಿತು.

ಅದೇ ತೊಂದರೆ ಮೂಡಲಗಿಯಲ್ಲೂ ಇದೆಯೇ ನೋಡೋಣವೆಂದು ಮಧ್ಯಾಹ್ನ ಅಲ್ಲಿಗೆ ಹೋದೆ. ಅಲ್ಲಿಯ ಹೆಣ್ಣುಮಕ್ಕಳು ನನಗೆ ಚಹಾ ಕೊಟ್ಟು ನಗುನಗುತ್ತಾ ಒಂದು ಸಂಗತಿ ಹೇಳಿದರು. ಸಂಸ್ಥೆಯಲ್ಲಿ ಲಾಗಿನ್ ಆದ ಹೊತ್ತೇ ಹಾಜರಿ. ಅರಭಾವಿಯಿಂದ ಬರುವವಳ ಬಸ್ಸು ತುಂಬಿ ಬಂದರೆ ನಿಲ್ಲಿಸುವುದೇ ಇಲ್ಲ. ಅದಕ್ಕೆ ಯಾರು ಮೊದಲು ಬರುತ್ತಾರೋ ಅವರು ಉಳಿದವರನ್ನೂ ‘ಒಳಗೆ ಹಾಕಿ’ ಬಿಡುತ್ತಾರೆ! ಎಲ್ಲರ ಪಾಸ್‌ವರ್ಡೂ ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದವು. ‘ಹಂಗಾದ್ರ ಬೀಗ ಯಾಕ್ರವ್ವಾ, ಬಾಗ್ಲಾನ ತಗದಿಡ್ರಿ’ ಎಂದು ಬೈದೆ. ‘ಎಲ್ಲಾರೂ ನಮ್ಮವರ ಅಲ್ಲೇನ್ರಿ?’ ಎಂದು ಅವರೇ ನನ್ನನ್ನು ತಿರುಗಿ ಕೇಳಿದರು. ಲೋಕದ ಎಲ್ಲ ಕಳ್ಳರನ್ನೂ ಎದುರಿಸಬಹುದು, ಇಂಥ ಒಳ್ಳೆಯ ಜನರನ್ನು ಎದುರಿಸುವುದು ಕಷ್ಟ.

ಬೈದರೂ ನನಗೆ ಒಳಗೊಳಗೇ ಖುಷಿಯಾಗಿತ್ತು. ಹುಕ್ಕೇರಿಯಲ್ಲೂ ಯಾರೋ ಹೀಗೇ ಮಾಡುತ್ತಿರಬೇಕು. ಗುರುವಾರ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ಹುಕ್ಕೇರಿಗೆ ಹೋದೆ. ಅಲ್ಲಿ ಬಾಗಿಲು ತೆಗೆಯುವವರು ಸಿಪಾಯಿ ಮಲ್ಲಪ್ಪ ಕಾಕಾ. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಹೊರಗೆ ಕರೆದು ನೇರವಾಗಿ ಕೇಳಿದೆ. ಕಾಕಾ ಮೊದಲು ಆಕಾಶ ನೋಡಿದರು, ಆಮೇಲೆ ಚಪ್ಪಲಿ ನೋಡಿದರು. ‘ಹೌದ್ರಿ ಅಕ್ಕಾರ. ಆ ಹುಡಿಗಿ ಬಸ್ಸು ದಿನಾ ಹತ್ತು ಮಿನಿಟ್ ತಡಾ. ಪಗಾರ ಕಟ್ ಆದೀತಂತ ಒಂದನೇ ಕಂಪ್ಯೂಟರ್‌ನ್ಯಾಗ ಆಕೀ ಹೆಸರು ಹಾಕಿ ಇಡ್ತೇನಿ. ಆಕೀ ಹೊಡಿಯೂದು ನೋಡಿ ನೋಡಿ ಪಾಸ್‌ವರ್ಡ್ ನನಗೂ ಬಾಯಿಪಾಠ ಆಗೇತ್ರಿ. ಆಕೀ ಬರೂದು ಕಂಡಕೂಡಲೇ ತಗೀತೇನಿ. ಒಮ್ಮೊಮ್ಮಿ ಮರೀತೇನ್ರಿ, ವಯಸ್ಸಾತಲ್ಲ’ ಎಂದರು. ಸುರೇಖಾಳಿಗೆ ಇದರ ಸುಳಿವೇ ಇರಲಿಲ್ಲ.

ಸಿಕ್ಕಿತಲ್ಲ! ಕಾಕಾನಿಂದ ಇನ್ನು ಮುಂದೆ ಆ ಕೀಲಿಮಣೆ ಮುಟ್ಟುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಸುರೇಖಾಳಿಗೆ ಹೊಸ ಪಾಸ್‌ವರ್ಡ್ ಹಾಕಿಸಿದೆ. ಅವಳು ಅದನ್ನು ಹೊಡೆಯುವಾಗ ನಾನೂ ಮುಖ ಆ ಕಡೆ ತಿರುಗಿಸಿದ್ದೆ. ಕಾಕಾನ ಹೆಸರು ಎತ್ತದೆ ಮ್ಯಾನೇಜರಿಗೆ ಹೇಗೆ ಹೇಳುವುದು ಎಂಬುದಷ್ಟೇ ಉಳಿಯಿತು ಎಂದುಕೊಂಡು, ಘಟಪ್ರಭಾದಲ್ಲಿ ನಿಂತು ಬಿಸಿ ಮಿರ್ಚಿ ಭಜಿ ತಿಂದು ಊರಿಗೆ ಬಂದೆ. ಒಂದು ವಿಷಯವನ್ನು ಬೇಕೆಂದೇ ಮರೆತಿದ್ದೆ ಎಂದು ಈಗ ಒಪ್ಪಿಕೊಳ್ಳಬೇಕು. ದಾಖಲೆಯಲ್ಲಿ ಒಂದನೇ ಕಂಪ್ಯೂಟರಿನಿಂದ ಆದ ಲಾಗಿನ್‌ಗಳು ಕೆಲವೇ ಇದ್ದವು. ಉಳಿದವೆಲ್ಲ ಮೂರನೇ ಕಂಪ್ಯೂಟರಿನವು. ಅದು ಸುರೇಖಾ ತಾನೇ ಕೂರುವ ಯಂತ್ರ.

ಶುಕ್ರವಾರ ಹತ್ತೂಕಾಲಿಗೆ ಅವಳ ಫೋನು ಬಂತು. ಬಸ್ಸಿನಿಂದ ಇಳಿದು ಕುಳಿತಿದ್ದಳು, ಮತ್ತೆ ಅದೇ ಸಾಲು ಬಂದಿತ್ತು: ಈ ಹೆಸರಿನವರು ಆಗಲೇ ಒಳಗಿದ್ದಾರೆ. ಹೊಸ ಪಾಸ್‌ವರ್ಡನ್ನು ಅವಳು ಕಾಗದದ ಮೇಲೂ ಬರೆದಿರಲಿಲ್ಲ. ಕಾಕಾ ತಾಯಿಯ ಮೇಲೆ ಆಣೆ ಇಟ್ಟು ಮುಟ್ಟಿಲ್ಲವೆಂದರು. ನನಗೆ ಬಂದ ಸಿಟ್ಟಿಗೆ ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ.

ಹೋದವಳೇ ಯಾರ ಜೊತೆಗೂ ವಾದ ಮಾಡಲಿಲ್ಲ. ಮೂರೂ ಕಂಪ್ಯೂಟರ್ ಆರಿಸಿದೆ. ಗೋಡೆಯಿಂದ ಅವುಗಳ ವೈರು ಕಿತ್ತೆ. ಯುಪಿಎಸ್ ಆರಿಸಿದೆ. ಆ ಕಚೇರಿಯಿಂದ ಗೋಕಾಕಕ್ಕೆ ಇರುವ ದಾರಿ ಒಂದೇ, ರೂಟರಿಗೆ ಬರುವ ಕೇಬಲ್. ಅದನ್ನೂ ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಒಂದು ಯಂತ್ರ ಇನ್ನೊಂದರ ಗುರುತು ಹೇಳಿಕೊಂಡು ಮೋಸ ಮಾಡಬಹುದು, ಅದು ನನಗೂ ಗೊತ್ತು. ಆದರೆ ದಾರಿಯೇ ಇಲ್ಲದಿದ್ದರೆ ಯಾವ ಮೋಸವೂ ಹುಕ್ಕೇರಿಯ ಲೈನಿನಿಂದ ಗೋಕಾಕಕ್ಕೆ ತಲುಪಲಾರದು. ಸುರೇಖಾಳನ್ನು ನನ್ನೆದುರಿನ ಕುರ್ಚಿಯಲ್ಲಿ ಕೂರಿಸಿದೆ. ಕಾಕಾನನ್ನು ಬಾಗಿಲಲ್ಲಿ ನಿಲ್ಲಿಸಿದೆ. ಸರ್ವರಿನ ಮುಂದೆ ಕುಳಿತಿದ್ದ ಇರ್ಫಾನನಿಗೆ ಮೊಬೈಲಿನಿಂದ ಫೋನು ಮಾಡಿ, ಸುರೇಖಾ ಹೆಸರನ್ನು ಹೊರಗೆ ಹಾಕಲು ಹೇಳಿದೆ. ಹಾಕಿದ. ಕಾಯುತ್ತಾ ಕುಳಿತೆವು. ಹೊರಗೆ ಬಿಸಿಲು ಚುರುಗುಡುತ್ತಿತ್ತು, ಬಾಜೂ ಗಿರಣಿಯ ಸದ್ದು ಕೇಳುತ್ತಿತ್ತು.

ಹದಿನೈದು ನಿಮಿಷದ ಮೇಲೆ ಇರ್ಫಾನ್ ಹೇಳಿದ: ‘ಅಕ್ಕಾರ, ಸುರೇಖಾ ಬಂದ್ರು.’

‘ಎಲ್ಲಿಂದ?’

‘ಹುಕ್ಕೇರಿ. ಮೂರನೇ ಕಂಪ್ಯೂಟರ್.’

ನಾನು ಕೈಯಲ್ಲಿದ್ದ ಕೇಬಲ್ಲನ್ನು ನೋಡಿದೆ. ಅದರ ತುದಿ ನನ್ನ ಬೆರಳುಗಳ ನಡುವೆಯೇ ಇತ್ತು. ಮೂರನೇ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು, ಅದರ ವೈರು ನೆಲದ ಮೇಲೆ ಬಿದ್ದಿತ್ತು. ಇರ್ಫಾನ್ ತಾನಾಗಿಯೇ ಮುಂದುವರಿಸಿದ, ‘ಏನೋ ಟೈಪ್ ಮಾಡಾಕತ್ತಾರ್ರಿ. ಓದ್ಲೇನು?’

ಆ ಬೆಳಿಗ್ಗೆ ಟೆಂಪೋದಲ್ಲಿ ಬಂದಿದ್ದ ಒಂಬತ್ತು ಮಣ್ಣಿನ ಚೀಲಗಳು ಮೂಲೆಯಲ್ಲಿದ್ದವು. ಬಾಯಿಗೆ ಕಟ್ಟಿದ ದಾರ ಯಾರೂ ಬಿಚ್ಚಿರಲಿಲ್ಲ. ರೈತನ ವಿವರ ಬರೆದ ಚೀಟಿ ಚೀಲದ ಒಳಗಿರುತ್ತದೆ. ಇರ್ಫಾನ್ ಒಂದೊಂದೇ ಓದತೊಡಗಿದ. ಸುರೇಖಾ ಎದ್ದು ಹೋಗಿ ಒಂದು ಚೀಲದ ದಾರ ಬಿಚ್ಚಿದಳು, ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ಅವನು ಓದಿದ್ದೇ ಅದರಲ್ಲಿತ್ತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದರಲ್ಲಿ ಒಂದು ವ್ಯತ್ಯಾಸ ಸಿಕ್ಕಿತು. ಚೀಟಿಯಲ್ಲಿ ಬೆಳೆಯ ಮುಂದೆ ‘ಕಬ್ಬು’ ಎಂದಷ್ಟೇ ಇತ್ತು. ಇರ್ಫಾನ್ ಓದಿದ್ದು ‘ಕೂಳೆ ಕಬ್ಬು’, ಅಂದರೆ ಒಮ್ಮೆ ಕಡಿದ ಬುಡದಿಂದ ಮತ್ತೆ ಚಿಗುರಿದ್ದು. ತಪ್ಪಿದೆ ಎಂದು ನನಗೆ ಎಂಥ ಸಮಾಧಾನವಾಯಿತು ಗೊತ್ತೇ? ಆದರೆ ಸುರೇಖಾಳ ಮುಖ ಬಿಳಿಚಿತು.

‘ಅಕ್ಕಾರ, ಅದು ನನ್ನ ಪದ್ಧತಿ. ಬ್ಯಾರೆ ಯಾರೂ ಹಂಗ ಬರಿಯೂದಿಲ್ರಿ. ಕೂಳೆ ಕಬ್ಬಿಗಿ ಗೊಬ್ಬರದ ಪ್ರಮಾಣ ಬ್ಯಾರೆ. ಅದಕ್ಕ ನಾ ರೈತರಿಗಿ ಫೋನ್ ಹಚ್ಚಿ ಕೇಳಿ ಬರೀತೇನಿ.’

ಚೀಟಿಯಲ್ಲಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ಆ ರೈತ ಹೊಲದಲ್ಲೇ ಇದ್ದರು. ಇವತ್ತು ನಮ್ಮ ಕಚೇರಿಯಿಂದ ಯಾರಾದರೂ ಫೋನು ಮಾಡಿದ್ದರೇ ಎಂದು ಕೇಳಿದೆ. ಇಲ್ಲವೆಂದರು. ನಿಮ್ಮ ಕಬ್ಬು ಹೊಸ ನಾಟಿಯೋ, ಕೂಳೆಯೋ ಎಂದು ಕೇಳಿದೆ. ‘ಕೂಳೆ ಐತ್ರಿ, ಎರಡನೇ ವರ್ಷದ್ದು’ ಎಂದರು.

ಸುರೇಖಾ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅಲ್ಲಿಂದಲೇ ಕೇಳಿದಳು, ‘ಒಳಗ ಇರಾಕಿ ನಾನಾ ಏನ್ರಿ ಅಕ್ಕಾರ?’ ನನಗೆ ಹೆದರಿಕೆಯಾಯಿತು. ಆದರೆ ಅದನ್ನು ತೋರಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ. ಮರುದಿನ ಅವಳ ಹೆಸರಿನ ತೀರ್ಪು ಆಗಲಿತ್ತು. ಇರ್ಫಾನನಿಗೆ ಪರದೆಯ ಮೇಲಿದ್ದುದನ್ನೆಲ್ಲ ಮುದ್ರಿಸಿ ಸಹಿ ಮಾಡಿ ಇಡಲು ಹೇಳಿದೆ. ಅವನು ತನ್ನ ಸಹಿಯ ಕೆಳಗೆ ಹೊತ್ತನ್ನೂ ಬರೆದ.

ಹೊರಡುವಾಗ ಮಲ್ಲಪ್ಪ ಕಾಕಾ ಸ್ಕೂಟರಿನ ಹಿಡಿಕೆ ಹಿಡಿದು ನಿಲ್ಲಿಸಿದರು. ‘ಸಾಹೇಬ್ರ ಮುಂದ ಇದನ್ನ ಹೇಳಿದ್ರ ನಿಮಗ ಹುಚ್ಚು ಹಿಡದೈತಿ ಅಂತಾರ. ನನ್ನ ಹೆಸರು ಹೇಳ್ರಿ. ನಾನ ಹಾಕತಿದ್ದೆ ಅನ್ರಿ. ಅದು ಅರ್ಧ ಖರೇನೂ ಐತಿ. ನಂದೇನು, ಹೆಂಗೂ ಮನಿಗಿ ಹೋಗಾಂವ. ಆ ಹುಡಿಗೀದು ಇನ್ನೂ ಸುರು’ ಎಂದರು. ಎಷ್ಟು ಸುಲಭವಾಗಿತ್ತು ನೋಡಿ. ಕಾರಣವೂ ಸಿಗುತ್ತಿತ್ತು, ಮ್ಯಾನೇಜರೂ ಒಪ್ಪುತ್ತಿದ್ದರು, ನನ್ನ ಮಾನವೂ ಉಳಿಯುತ್ತಿತ್ತು. ಗೋಕಾಕದವರೆಗೂ ಅದೇ ಯೋಚನೆ ತಲೆಯಲ್ಲಿ ತಿರುಗಿತು. ಒಂದು ಕಡೆ ಸ್ಕೂಟರ್ ನಿಲ್ಲಿಸಿ ವಾಪಸು ಹೋಗಿ ‘ಆಯ್ತು ಕಾಕಾ’ ಎಂದುಬಿಡಲೇ ಎಂದೂ ಅನಿಸಿತು. ಹೋಗಲಿಲ್ಲ. ಮೂವತ್ತು ವರ್ಷ ಬಾಗಿಲು ತೆಗೆದ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿ ಕಳಿಸುವುದು ನನ್ನಿಂದಾಗದ ಕೆಲಸ.

ಶನಿವಾರ ಶಿವನಗೌಡರ ಮುಂದೆ ಸುರೇಖಾ, ಇರ್ಫಾನ್, ನಾನು ನಿಂತೆವು. ಹುಕ್ಕೇರಿಯ ಕಚೇರಿಗೆ ಆ ದಿನ ಬೀಗ ಹಾಕಿಸಿ, ಬೀಗದ ಕೈಯನ್ನು ಸುರೇಖಾಳ ಕೈಯಲ್ಲೇ ತರಿಸಿದ್ದೆ. ಶುಕ್ರವಾರ ಕಂಡದ್ದನ್ನೆಲ್ಲ ಹೇಳಿದೆ. ಗೌಡರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ‘ನೀವೂ ಹಿಂಗ ಮಾತಾಡಾಕತ್ರ ಹೆಂಗ್ರಿ? ಕಾರಣ ಕೇಳಿದ್ರ ಕತಿ ಹೇಳಾಕತ್ತೀರಿ’ ಎಂದರು.

‘ಕಾರಣ ನನಗ ಗೊತ್ತಿಲ್ರಿ ಗೌಡ್ರ. ಹದಿನಾರು ವರ್ಷದಾಗ ಈ ಮಾತು ಮೊದಲ ಸಲ ನನ್ನ ಬಾಯಾಗ ಬರಾಕತ್ತೈತಿ. ಆದ್ರ ಈಕೀ ಅಲ್ಲ ಅನ್ನೂದು ಗೊತ್ತೈತಿ. ಈಕೀ ನನ್ನ ಮುಂದ ಕುಂತಿದ್ಲು, ಕೇಬಲ್ ನನ್ನ ಕೈಯಾಗಿತ್ತು. ಈಕೀನ್ನ ತಗದ್ರ ನಾನೂ ನಿಮ್ಮ ಮೂರೂ ಆಫೀಸಿನ ಕೆಲಸ ಇವತ್ತ ಬಿಡ್ತೇನಿ’ ಎಂದೆ. ಇರ್ಫಾನ್ ಸಹಿ ಮಾಡಿದ ಕಾಗದವನ್ನು ಮುಂದಿಟ್ಟು, ‘ನನ್ನ ಕಣ್ಣಿಲೆ ನೋಡೇನ್ರಿ ಸರ’ ಎಂದ. ಗೌಡರು ಕಾಗದವನ್ನು ಎರಡು ಸಲ ಓದಿದರು. ಅವರು ಕೆಟ್ಟ ಮನುಷ್ಯರಲ್ಲ, ಉತ್ತರ ಇಲ್ಲದೆ ಬದುಕಲು ಬರದವರು. ಆ ವಿಷಯದಲ್ಲಿ ನಾನೂ ಅವರೂ ಒಂದೇ. ಕೊನೆಗೆ, ‘ಆ ಹೆಸರು ಅಳಿಸಿ ಹಾಕ್ರಿ. ಈ ಹುಡಿಗೀಗೆ ಹೊಸಾ ಹೆಸರು ಕೊಡ್ರಿ. ಮತ್ತ ಹಿಂಗಾದ್ರ ಆಗ ನೋಡೂನು. ಕೆಲಸ ಇರಲಿ’ ಎಂದರು.

ಸರ್ವರ್ ಕೋಣೆಗೆ ಸುರೇಖಾಳನ್ನೂ ಕರೆದುಕೊಂಡು ಹೋದೆ. ಅಳಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಹೆಸರಿನವರು ಈಗ ಒಳಗಿದ್ದಾರೆ, ಹೊರಗೆ ಹಾಕಿ ಮುಂದುವರಿಯಬೇಕೇ ಎಂದು. ಯಾರ ಹೆಸರು ಅಳಿಸುವಾಗಲೂ ಬರಬಹುದಾದ ಪ್ರಶ್ನೆ ಅದು, ಎಷ್ಟೋ ಸಲ ನೋಡಿದ್ದೇನೆ. ಆ ಹೊತ್ತಿಗೆ ನನಗೆ ಅದನ್ನು ಬರೀ ಪ್ರಶ್ನೆಯೆಂದು ಓದಲಾಗಲಿಲ್ಲ. ಒಳಗೆ ಏನು ನಡೆದಿದೆ ಎಂದು ನೋಡಿದೆ. ಬೀಗ ಹಾಕಿದ್ದ ಹುಕ್ಕೇರಿಯ ಮೂರನೇ ಕಂಪ್ಯೂಟರಿನಿಂದ ಬೆಳಿಗ್ಗೆಯಿಂದ ಹದಿನಾಲ್ಕು ರೈತರ ಸಾಲು ಸೇರಿತ್ತು, ಎಲ್ಲವೂ ಅಚ್ಚುಕಟ್ಟು, ಒಂದು ಅಕ್ಷರ ತಪ್ಪಿಲ್ಲ. ಹದಿನೈದನೆಯದರಲ್ಲಿ ರೈತನ ಹೆಸರಿತ್ತು, ಊರಿತ್ತು, ಬೆಳೆಯ ಜಾಗ ಇನ್ನೂ ತುಂಬಿರಲಿಲ್ಲ.

ಒಂದೂವರೆ ತಿಂಗಳಿಂದ ಅದು ಯಾರಿಗೂ ಕೇಡು ಮಾಡಿರಲಿಲ್ಲ ಎಂಬುದು ನನಗೆ ಆಗಷ್ಟೇ ಹೊಳೆಯಿತು. ಪಟ್ಟಿ ಕದ್ದಿರಲಿಲ್ಲ, ಏನನ್ನೂ ಕೆಡಿಸಿರಲಿಲ್ಲ. ಬಂದು ಕುಳಿತು ಕೆಲಸ ಮಾಡಿತ್ತು, ಅಷ್ಟೇ. ನನ್ನ ಬೆರಳು ಮುಂದೆ ಹೋಗಲಿಲ್ಲ. ಸುರೇಖಾ ನನ್ನ ಕೈ ಸರಿಸಿ, ತಾನೇ ‘ಹೌದು’ ಎಂಬುದನ್ನು ಒತ್ತಿದಳು.

ಅವಳು ಈಗಲೂ ಹುಕ್ಕೇರಿಯಲ್ಲೇ ಇದ್ದಾಳೆ, ಕಾಯಂ ಆಗಿದ್ದಾಳೆ. ತೊಂದರೆ ಮತ್ತೆ ಬರಲಿಲ್ಲ. ಆ ಕಂಪ್ಯೂಟರನ್ನು ನಾನು ಮೂರು ಸಲ ತಿರುಪು ತಿರುಪು ಬಿಚ್ಚಿ ನೋಡಿದ್ದೇನೆ, ನನಗಿಂತ ಬಲ್ಲವರಿಗೂ ತೋರಿಸಿದ್ದೇನೆ. ಕೆಲವರು ನಕ್ಕರು. ಹುಡುಕುವುದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಹುಡುಕುವಾಗಲೆಲ್ಲ ಕಾಡುವುದು ಕಾರಣವಲ್ಲ. ಆ ಶನಿವಾರ ಗುಂಡಿ ಒತ್ತಿದ ಮೇಲೆ ಸುರೇಖಾ ಖಾಲಿಯಾದ ಪರದೆಯನ್ನು ನೋಡುತ್ತಾ ಕುಳಿತಿದ್ದಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

‘ನನ್ನ ಕೆಲಸ ಉಳೀತ್ರಿ ಅಕ್ಕಾರ,’ ಎಂದಳು. ‘ಆಕೀದು ಹೋತು.’